ಕೇಕ್ ಮಿಕ್ಸ್‌ನಿಂದ ಚಾಕೊಲೇಟ್ ರಮ್ ಬಾಲ್: ಹದ ಕೆಡದಂತೆ ಮಾಡುವ ಬಗೆ

ಮನೆಯಲ್ಲಿ ಮಾಡಿದ ರಮ್ ಬಾಲ್ ಕೆಟ್ಟರೆ ಬಹುತೇಕ ಒಂದೇ ಕಾರಣ: ತೇವ ಜಾಸ್ತಿಯಾಗಿರುತ್ತದೆ. ಪ್ಯಾಕೆಟ್ಟಿನ ಕೇಕ್ ಮಿಕ್ಸ್ ಇರುವುದೇ ಮೆತ್ತಗಿನ, ತೇವ ತುಂಬಿದ ಕೇಕ್ ಮಾಡುವುದಕ್ಕೆ. ಕೇಕಾಗಿ ತಿನ್ನುವಾಗ ಆ ತೇವವೇ ಸೊಗಸು. ಅದನ್ನೇ ಪುಡಿ ಮಾಡಿ ಮೇಲೆ ರಮ್, ಕರಗಿದ ಚಾಕೊಲೇಟ್ ಸುರಿದರೆ ಕೈಗೆ ಮೆತ್ತಿಕೊಳ್ಳುವ ಮುದ್ದೆಯಾಗುತ್ತದೆ. ಆದ್ದರಿಂದ ಕೇಕನ್ನು ತುಸು ಒಣಗಲಾಗಿ ಬೇಯಿಸಿ, ಒಂದು ರಾತ್ರಿ ಹಾಗೇ ಬಿಡಿ, ದ್ರವವನ್ನು ಚಮಚದ ಲೆಕ್ಕದಲ್ಲಿ ಸೇರಿಸಿ, ಉಂಡೆ ಕಟ್ಟಿದ ಮೇಲೆ ಒಂದು ದಿನ ಕಾಯಿರಿ. ಉಳಿದದ್ದೆಲ್ಲ ಇದರ ವಿವರ.

ಕೆಲವರು ಕೇಕ್ ಬೇಯಿಸದೆ ಹಸಿ ಮಿಕ್ಸ್ ಪುಡಿಯನ್ನೇ ಚಾಕೊಲೇಟ್ ಜೊತೆ ಕಲಸಿ ಉಂಡೆ ಮಾಡುವುದುಂಟು. ಅದನ್ನು ಖಂಡಿತ ಮಾಡಬೇಡಿ. ಮೈದಾ ಹಸಿ ಪದಾರ್ಥ. ಅದರಲ್ಲಿ ಸಾಲ್ಮೊನೆಲ್ಲಾ, ಇ. ಕೋಲೈನಂತಹ ಬ್ಯಾಕ್ಟೀರಿಯಾ ಇರಬಹುದು. ಮೈಕ್ರೋವೇವ್‌ನಲ್ಲಿ ಒಂದೆರಡು ನಿಮಿಷ ಬಿಸಿ ಮಾಡಿದರೆ ಸಾಕು ಎನ್ನುವ ಮಾತೂ ನಂಬುವಂಥದ್ದಲ್ಲ. ಒಣ ಪುಡಿ ಎಲ್ಲ ಕಡೆ ಸಮನಾಗಿ ಬಿಸಿಯಾಗುವುದಿಲ್ಲ, ಒಣ ಪದಾರ್ಥದೊಳಗೆ ಈ ಬ್ಯಾಕ್ಟೀರಿಯಾ ಶಾಖವನ್ನು ಹೆಚ್ಚು ತಡೆದುಕೊಳ್ಳುತ್ತವೆ. ರಮ್ ಹಾಕಿದ್ದೇವಲ್ಲ ಎಂದೂ ಧೈರ್ಯ ತಂದುಕೊಳ್ಳಬೇಡಿ, ಇಷ್ಟು ಕಡಿಮೆ ಆಲ್ಕೋಹಾಲ್‌ನಿಂದ ಏನೂ ಸಾಯುವುದಿಲ್ಲ. ಸಾಲದ್ದಕ್ಕೆ ಮಿಕ್ಸ್‌ನಲ್ಲಿರುವ ಸೋಡಾ ಬೇಯದೆ ಉಳಿದು ಬಾಯಲ್ಲಿ ಸಾಬೂನಿನ ರುಚಿ ಕೊಡುತ್ತದೆ.

ಬೇಕಾಗುವ ಸಾಮಾನು, ಸುಮಾರು 45 ಉಂಡೆಗಳಿಗೆ:

ಚಾಕೊಲೇಟ್ ಕೇಕ್ ಮಿಕ್ಸ್ 1 ಪ್ಯಾಕೆಟ್, 430 ಗ್ರಾಂ ಆಸುಪಾಸಿನದು
ಮಿಕ್ಸ್‌ಗೆ ಪ್ಯಾಕೆಟ್ ಮೇಲೆ ಹೇಳಿದಷ್ಟು ಮೊಟ್ಟೆ, ಎಣ್ಣೆ. ನೀರು ಮಾತ್ರ ಕಾಲುಭಾಗ ಕಡಿಮೆ
50ರಿಂದ 60 ಶೇಕಡಾ ಕೋಕೋ ಇರುವ ಡಾರ್ಕ್ ಚಾಕೊಲೇಟ್ 150 ಗ್ರಾಂ
ಫ್ರೆಶ್ ಕ್ರೀಮ್ 75 ಮಿ.ಲೀ.
ಡಾರ್ಕ್ ರಮ್ 75 ಮಿ.ಲೀ., ಅಂದರೆ 15 ಮಿ.ಲೀ. ಹಿಡಿಯುವ ಚಮಚದಲ್ಲಿ 5
ಅಕ್ರೋಟು 100 ಗ್ರಾಂ
ಸಿಹಿ ಇಲ್ಲದ ಕೋಕೋ ಪುಡಿ 2 ದೊಡ್ಡ ಚಮಚ, ಹೊರಳಿಸಲು ಇನ್ನಷ್ಟು
ಉಪ್ಪು ಎರಡು ಚಿಟಿಕೆ

ಪ್ಯಾಕೆಟ್ ತೂಕ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಪ್ಯಾಕೆಟ್ ಲೆಕ್ಕ ಬಿಟ್ಟು ಬೆಂದ ಕೇಕಿನ ಪುಡಿಯನ್ನೇ ತೂಗಿ. ಮೇಲಿನ ಅಳತೆ 750ರಿಂದ 800 ಗ್ರಾಂ ಪುಡಿಗೆ. ನಿಮ್ಮ ಪುಡಿ 600 ಗ್ರಾಂ ಬಂದಿದ್ದರೆ ರಮ್, ಕ್ರೀಮ್, ಚಾಕೊಲೇಟ್ ಎಲ್ಲವನ್ನೂ ಕಾಲುಭಾಗ ಇಳಿಸಿ. ಮಿಕ್ಸ್ ಕೊಳ್ಳುವಾಗ ಪುಡ್ಡಿಂಗ್ ಸೇರಿಸಿದ್ದು ಎಂದು ಬರೆದಿರುವುದನ್ನು ಬಿಡಿ. ಅದು ಎಷ್ಟು ಬೇಯಿಸಿದರೂ ಅಂಟಂಟಾಗೇ ಇರುತ್ತದೆ.

ಕೇಕ್ ಬೇಯಿಸುವುದು

ಪ್ಯಾಕೆಟ್ ಮೇಲೆ 240 ಮಿ.ಲೀ. ನೀರು ಎಂದಿದ್ದರೆ 180 ಸಾಕು. ಹಿಟ್ಟನ್ನು ಅಗಲವಾದ, ತಗ್ಗಿನ ಟ್ರೇಗೆ ಸುರಿದು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿ. 23ಕ್ಕೆ 33 ಸೆಂ.ಮೀ. ಟ್ರೇ ಆದರೆ ಅರ್ಧ ಗಂಟೆ ಹಿಡಿಯಬಹುದು, ಇನ್ನೂ ತೆಳುವಾಗಿ ಹರಡಿದರೆ 20 ನಿಮಿಷದಲ್ಲೇ ಆಗುತ್ತದೆ. ನಡುವೆ ಚುಚ್ಚಿದ ಕಡ್ಡಿ ಸ್ವಚ್ಛವಾಗಿ ಬಂದ ಮೇಲೂ 4–5 ನಿಮಿಷ ಒಳಗೇ ಬಿಡಿ. ಬೇರೆ ಕೇಕ್ ಆಗಿದ್ದರೆ ಇದು ತಪ್ಪು, ಇಲ್ಲಿ ಬೇಕಾದದ್ದೇ ಇದು. ಸುಡಲು ಮಾತ್ರ ಬಿಡಬೇಡಿ.

ಪೂರ್ತಿ ಆರಿದ ಮೇಲೆ ಬಟ್ಟೆ ಮುಚ್ಚಿ ರಾತ್ರಿಯಿಡೀ ಇಡಿ. ಬೇಕರಿಗಳಲ್ಲಿ ಉಳಿದ ಕೇಕಿನಿಂದ ರಮ್ ಬಾಲ್ ಮಾಡುವ ರೂಢಿ ಮಿತವ್ಯಯಕ್ಕೆ ಮಾತ್ರ ಬಂದದ್ದಲ್ಲ. ಒಂದು ದಿನ ಹಳತಾದ ಕೇಕ್ ನಿಜವಾಗಿಯೂ ಚೆನ್ನಾಗಿ ಪುಡಿಯಾಗುತ್ತದೆ, ರಮ್ಮನ್ನು ಚೆನ್ನಾಗಿ ಹೀರುತ್ತದೆ. ಕಾಯಲು ಸಮಯವಿಲ್ಲದಿದ್ದರೆ ಆರಿದ ಕೇಕನ್ನು ಪುಡಿ ಮಾಡಿ ಟ್ರೇನಲ್ಲಿ ಹರಡಿ, 130 ಡಿಗ್ರಿಯಲ್ಲಿ 10 ನಿಮಿಷ ಒಣಗಿಸಿ, ಮತ್ತೆ ಆರಿಸಿ.

ಅಂಚಿನ ಗಟ್ಟಿ ಭಾಗವನ್ನು ಕತ್ತರಿಸಿ ತೆಗೆಯಿರಿ. ಅದು ಪುಡಿಯಾಗದೆ ಚೂರುಚೂರಾಗಿ ಉಳಿದು ಉಂಡೆಯಲ್ಲಿ ಹಲ್ಲಿಗೆ ಸಿಗುತ್ತದೆ, ಕಪ್ಪಾಗಿದ್ದರೆ ಕಹಿಯೂ ಬರುತ್ತದೆ. ಉಳಿದ ಕೇಕನ್ನು ಎರಡು ಅಂಗೈಗಳ ನಡುವೆ ಉಜ್ಜಿ ತರಿತರಿಯಾಗಿ ಉದುರಿಸಿ. ಮಿಕ್ಸಿ ಬಳಸುವುದಾದರೆ ಸ್ವಲ್ಪ ಸ್ವಲ್ಪ ಹಾಕಿ, ಗುಂಡಿ ಒತ್ತಿ ಬಿಟ್ಟು ಒತ್ತಿ ಬಿಟ್ಟು ತಿರುಗಿಸಿ. ಒಂದೇ ಸಮ ಓಡಿಸಿದರೆ ಕೇಕಿನ ಎಣ್ಣೆ ಹೊರಬಂದು ಪುಡಿ ಬ್ಲೇಡಿಗೆ ಅಂಟಿಕೊಳ್ಳುತ್ತದೆ.

ರಮ್ ಮೊದಲು, ಚಾಕೊಲೇಟ್ ಆಮೇಲೆ

ಅಕ್ರೋಟನ್ನು 165 ಡಿಗ್ರಿಯಲ್ಲಿ 8–10 ನಿಮಿಷ ಹುರಿದು, ಪೂರ್ತಿ ಆರಿದ ಮೇಲೆ ಸಣ್ಣಗೆ ಕೊಚ್ಚಿ. ಬಿಸಿಯಿದ್ದಾಗಲೇ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಬೆಣ್ಣೆಯಂತಾಗುತ್ತದೆ. ಕೇಕ್ ಪುಡಿ, ಅಕ್ರೋಟು, ಜರಡಿ ಹಿಡಿದ ಕೋಕೋ, ಉಪ್ಪು ಎಲ್ಲವನ್ನೂ ಅಗಲವಾದ ಬೋಗುಣಿಯಲ್ಲಿ ಬೆರೆಸಿ. ಕೋಕೋ ಜರಡಿ ಹಿಡಿಯುವುದನ್ನು ತಪ್ಪಿಸಬೇಡಿ. ಅದರ ಸಣ್ಣ ಗಂಟುಗಳು ಕಲಸುವಾಗ ಒಡೆಯುವುದಿಲ್ಲ.

ಈಗ 4 ದೊಡ್ಡ ಚಮಚ ರಮ್ಮನ್ನು ಪುಡಿಯ ಮೇಲೆಲ್ಲ ಚಿಮುಕಿಸಿ, ಬೆರಳ ತುದಿಯಲ್ಲಿ ಹಗುರವಾಗಿ ಕಲೆಸಿ, ಮುಚ್ಚಿ 15 ನಿಮಿಷ ಬಿಡಿ. ಒಂದು ಚಮಚವನ್ನು ಕೊನೆಗೆ ಇಟ್ಟುಕೊಳ್ಳಿ. ರಮ್ಮನ್ನು ಕರಗಿದ ಬರೀ ಚಾಕೊಲೇಟಿಗೆ ಹಾಕಲೇಬಾರದು. ಕರಗಿದ ಚಾಕೊಲೇಟ್ ಎಂದರೆ ಕೊಬ್ಬಿನಲ್ಲಿ ತೇಲುವ ಸಕ್ಕರೆ, ಕೋಕೋ ಕಣಗಳು. ಒಂದೆರಡು ಹನಿ ನೀರು ಬಿದ್ದರೂ ಆ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ, ಇಡೀ ಚಾಕೊಲೇಟ್ ಮರಳಿನಂತೆ ಗಟ್ಟಿಯಾಗುತ್ತದೆ. ರಮ್ಮಿನಲ್ಲೂ ಅರ್ಧಕ್ಕಿಂತ ಹೆಚ್ಚು ನೀರೇ. ಕುದಿಯುವ ಕ್ರೀಮಿಗೂ ಹಾಕಬೇಡಿ, ಪರಿಮಳವೆಲ್ಲ ಹಬೆಯ ಜೊತೆ ಹೋಗುತ್ತದೆ.

ರಮ್ಮಿನ ಆಯ್ಕೆಯಲ್ಲಿ ಡಾರ್ಕ್ ರಮ್ಮಿಗೇ ನಮ್ಮ ಓಟು. ಕಾಕಂಬಿ, ಸುಟ್ಟ ಸಕ್ಕರೆ, ವೆನಿಲಾದ ಅದರ ವಾಸನೆ ಚಾಕೊಲೇಟಿನ ಜೊತೆ ಕೂಡಿಕೊಳ್ಳುತ್ತದೆ. ಬಿಳಿ ರಮ್ ಹಾಕಿದರೆ ಬರೀ ಘಾಟು ಉಳಿಯುತ್ತದೆ. ತುಂಬಾ ದುಬಾರಿ ಬಾಟಲಿ ಇದಕ್ಕೆ ವ್ಯರ್ಥ, ಆದರೆ ಹಾಗೇ ಕುಡಿದರೆ ಗಂಟಲು ಕೆರೆಯುವಂಥದ್ದೂ ಬೇಡ. ಇಲ್ಲಿ ರಮ್ ಬೇಯುವುದಿಲ್ಲ, ಅದರ ಒಳ್ಳೆಯದೂ ಕೆಟ್ಟದ್ದೂ ಹಾಗೇ ಬಾಯಿಗೆ ಬರುತ್ತದೆ.

ಚಾಕೊಲೇಟನ್ನು ಸಣ್ಣಗೆ ಹೆಚ್ಚಿ ಒಣ ಬಟ್ಟಲಿಗೆ ಹಾಕಿ. ಕ್ರೀಮನ್ನು ಅಂಚಿನಲ್ಲಿ ಗುಳ್ಳೆ ಏಳುವಷ್ಟು ಬಿಸಿ ಮಾಡಿ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಶುರುಮಾಡಿ ಸಣ್ಣ ಸುತ್ತಿನಲ್ಲಿ ಕಲಕಿ. ಹೊಳೆಯುವ, ಮಂದವಾದ ಗನಾಶ್ ಆಗಬೇಕು. ಚೂರು ಉಳಿದಿದ್ದರೆ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ. ಎಣ್ಣೆ ಬೇರ್ಪಟ್ಟು ಒಡೆದಂತೆ ಕಂಡರೆ ಒಂದು ಸಣ್ಣ ಚಮಚ ಬೆಚ್ಚಗಿನ ಕ್ರೀಮ್ ಸೇರಿಸಿ ಜೋರಾಗಿ ಕಲಕಿ, ಕೂಡಿಕೊಳ್ಳುತ್ತದೆ.

ಗನಾಶ್ ಉಗುರುಬೆಚ್ಚಗಾದ ಮೇಲೆ ಮೂರರಲ್ಲಿ ಎರಡು ಭಾಗ ಮಾತ್ರ ಪುಡಿಗೆ ಸುರಿದು ಕಲೆಸಿ. ಈಗ ಹದ ನೋಡಬೇಕು, ಇಡೀ ಕೆಲಸದಲ್ಲಿ ಗಮನ ಕೊಡಬೇಕಾದ ಗಳಿಗೆ ಇದೇ. ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಮುಷ್ಟಿ ಹಿಡಿದು ಬಿಡಿ. ಬೆರಳ ಗುರುತು ಅಚ್ಚಾಗಿ ಮೂಡಿ, ಅಂಗೈಯಲ್ಲಿ ಅಲ್ಲೊಂದು ಇಲ್ಲೊಂದು ತರಿ ಮಾತ್ರ ಉಳಿದರೆ ಹದ ಬಂದಿದೆ. ಬಿರುಕು ಬಿಟ್ಟು ಉದುರಿದರೆ ಉಳಿದ ಗನಾಶ್‌ನಿಂದ ಒಂದೊಂದೇ ಚಮಚ ಸೇರಿಸುತ್ತಾ ಹೋಗಿ. ಅಂಗೈ ಹೊಳೆಯುವಂತೆ ಜಿಡ್ಡು ಮೆತ್ತಿದರೆ ನಿಲ್ಲಿಸಿ, ಅದು ಜಾಸ್ತಿಯಾಯಿತು. ಗನಾಶ್ ತಣಿದಂತೆ ಗಟ್ಟಿಯಾಗುವುದರಿಂದ ಬೆಚ್ಚಗಿರುವಾಗ ತುಸು ಮೆತ್ತಗಿದ್ದರೆ ಭಯವಿಲ್ಲ. ರುಚಿ ನೋಡಿ, ಘಮ ಸಾಲದು ಅನ್ನಿಸಿದರೆ ಮಾತ್ರ ಇಟ್ಟುಕೊಂಡ ಚಮಚ ರಮ್ ಹಾಕಿ.

ಮಿಶ್ರಣವನ್ನು ಮುಚ್ಚಿ 30ರಿಂದ 45 ನಿಮಿಷ ಫ್ರಿಜ್‌ನಲ್ಲಿಡಿ. ಅಷ್ಟಾದರೂ ನೀರಾಗಿದ್ದರೆ ಪುಡಿ ಮಾಡಿದ ಬಿಸ್ಕತ್ತನ್ನು ಎರಡೆರಡು ಚಮಚ ಸೇರಿಸಿ. ಹಸಿ ಮೈದಾ, ಉಳಿದ ಕೇಕ್ ಮಿಕ್ಸ್ ಬೇಡವೇ ಬೇಡ. ಒಣಗಿದೆ ಎಂದು ಕಂಡರೆ ಬೆಚ್ಚಗಿನ ಕ್ರೀಮ್ ಒಂದು ಸಣ್ಣ ಚಮಚ ಸಾಕು. ಒಣಗಿದ್ದಕ್ಕೆ ಮತ್ತೆ ರಮ್ ಸುರಿಯುವುದು ಸಾಮಾನ್ಯ ತಪ್ಪು: ಉಂಡೆ ಕಟ್ಟುವುದು ಕೊಬ್ಬಿನ ಬಲದಿಂದ, ರಮ್ಮಿನಿಂದಲ್ಲ. ಅದು ಘಾಟು ಹೆಚ್ಚಿಸಿ, ಉಂಡೆಯನ್ನು ಮೆತ್ತಗೆ ಮಾಡುತ್ತದೆ ಅಷ್ಟೇ.

ಉಂಡೆ ಕಟ್ಟುವುದು, ಹೊರಳಿಸುವುದು

25 ಗ್ರಾಂ ತೂಗಿ ಉಂಡೆ ಕಟ್ಟಿ. ಮೊದಲು ಮುಷ್ಟಿಯಲ್ಲಿ ಅದುಮಿ ಒಳಗಿನ ಗಾಳಿ ತೆಗೆದು, ಆಮೇಲೆ ಅಂಗೈಗಳ ನಡುವೆ ಹಗುರವಾಗಿ ಉರುಳಿಸಿ. ಅದುಮದೆ ಬರೀ ಉರುಳಿಸಿದ ಉಂಡೆ ಮೇಲೆ ನುಣ್ಣಗೆ ಕಂಡರೂ ಕಚ್ಚಿದಾಗ ಪುಡಿಯಾಗುತ್ತದೆ. ಕೈ ಬೆಚ್ಚಗಿರುವವರಿಗೆ ಏಳೆಂಟು ಉಂಡೆ ಆಗುವಷ್ಟರಲ್ಲಿ ಜಿಡ್ಡು ಹತ್ತುತ್ತದೆ. ತಣ್ಣೀರಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಮುಂದುವರಿಸಿ.

ಹೊರಳಿಸಲು ಕೋಕೋ ಪುಡಿ, ಚಾಕೊಲೇಟ್ ವರ್ಮಿಸೆಲ್ಲಿ (ಶಾವಿಗೆ ಚೂರಿನಂತಹ ಸಣ್ಣ ಚಾಕೊಲೇಟ್ ಕಡ್ಡಿಗಳು), ಸಣ್ಣಗೆ ಕೊಚ್ಚಿದ ಅಕ್ರೋಟು ಯಾವುದಾದರೂ ಸರಿ. ಐಸಿಂಗ್ ಶುಗರ್ ನೋಡಲು ಚೆಂದ, ಆದರೆ ಉಂಡೆಯ ತೇವ ಹೀರಿ ಕೆಲವೇ ಗಂಟೆಗಳಲ್ಲಿ ಕರಗಿ ಮಾಯವಾಗುತ್ತದೆ. ಅದು ಬೇಕಿದ್ದರೆ ಬಡಿಸುವ ಮುನ್ನ ಹೊರಳಿಸಿ. ವರ್ಮಿಸೆಲ್ಲಿ ಮಾತ್ರ ಕಟ್ಟಿದ ಕೂಡಲೇ ಹೊರಳಿಸಬೇಕು, ಮೇಲ್ಮೈ ಒಣಗಿದರೆ ಅಂಟುವುದಿಲ್ಲ.

ಚಾಕೊಲೇಟಿನಲ್ಲಿ ಅದ್ದುವುದು ಸ್ವಲ್ಪ ನಯದ ಕೆಲಸ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಉಂಡೆಯನ್ನು ಅದ್ದಿದರೆ ಹೊರಪದರ ತಕ್ಷಣ ಬಿಗಿಯುತ್ತದೆ, ಒಳಗಿನ ಉಂಡೆ ಬೆಚ್ಚಗಾಗುತ್ತಾ ಹಿಗ್ಗಿ ಅದನ್ನು ಸೀಳುತ್ತದೆ. 15–20 ನಿಮಿಷ ಹೊರಗಿಟ್ಟು ಅದ್ದಿ. ನಿಜವಾದ ಡಾರ್ಕ್ ಚಾಕೊಲೇಟನ್ನು 45–50 ಡಿಗ್ರಿಗೆ ಕರಗಿಸಿ, 27–28ಕ್ಕೆ ಇಳಿಸಿ, ಮತ್ತೆ 31–32ಕ್ಕೆ ಏರಿಸಿ ಹದಮಾಡಿದರೆ ಮಾತ್ರ ಹೊಳಪೂ ಟಕ್ಕೆನ್ನುವ ಗಡಸೂ ಬರುತ್ತದೆ. ಇಲ್ಲದಿದ್ದರೆ ಬಿಳಿ ಕಲೆ ಬೀಳುತ್ತದೆ. ಥರ್ಮಾಮೀಟರ್ ಇಲ್ಲದವರು ಕಾಂಪೌಂಡ್ ಚಾಕೊಲೇಟ್, ಅಂದರೆ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ್ದು, ಬಳಸಲಿ. ರುಚಿ ಒಂದು ಮೆಟ್ಟಿಲು ಕೆಳಗೆ, ಆದರೆ ಕರಗಿಸಿ ಅದ್ದಿದರೆ ಕೆಲಸ ಮುಗಿಯಿತು.

ಗಾಳಿಯಾಡದ ಡಬ್ಬಿಯಲ್ಲಿ, ಪದರಗಳ ನಡುವೆ ಬಟರ್ ಪೇಪರ್ ಹಾಸಿ ಫ್ರಿಜ್‌ನಲ್ಲಿಡಿ. ಮಾಡಿದ ದಿನವೇ ತಿಂದವರು ರಮ್ ಜಾಸ್ತಿಯಾಯಿತು ಎಂದೇ ಹೇಳುತ್ತಾರೆ. ಒಂದು ದಿನ ಕಳೆಯಲಿ, ಎರಡಾದರೆ ಇನ್ನೂ ಒಳ್ಳೆಯದು: ರಮ್ ಪುಡಿಯೊಳಗೆಲ್ಲ ಹರಡಿ ಘಾಟು ತಗ್ಗುತ್ತದೆ, ಚಾಕೊಲೇಟ್ ಮುಂದೆ ಬರುತ್ತದೆ. ಬಡಿಸುವ ಅರ್ಧ ಗಂಟೆ ಮೊದಲು ಹೊರಗಿಡಿ, ತಣ್ಣಗಿರುವಾಗ ಪರಿಮಳ ಏಳುವುದಿಲ್ಲ.

ರಮ್ ಇದೆ ಎಂದು ತಿಂಗಳುಗಟ್ಟಲೆ ಹೊರಗಿಡುವಂತಿಲ್ಲ. ಲೆಕ್ಕ ಹಾಕಿದರೆ ಇಡೀ ಮಿಶ್ರಣದಲ್ಲಿ ಆಲ್ಕೋಹಾಲ್ 3 ಶೇಕಡಾಕ್ಕಿಂತ ಕಡಿಮೆ, ಒಳಗೆ ಕ್ರೀಮ್ ಬೇರೆ ಇದೆ. ಫ್ರಿಜ್‌ನಲ್ಲಿ ಒಂದು ವಾರ, ಫ್ರೀಜರ್‌ನಲ್ಲಿ ಎರಡು ತಿಂಗಳು. ಕಡಿಮೆಯಾದರೂ ಆಲ್ಕೋಹಾಲ್ ಇದ್ದೇ ಇದೆ, ಬೇಯದ್ದರಿಂದ ಹಾರಿಹೋಗಿಯೂ ಇರುವುದಿಲ್ಲ. ನೋಡಲು ಮಾಮೂಲಿ ಚಾಕೊಲೇಟ್ ಉಂಡೆಯಂತೆ ಇರುವುದರಿಂದ ಡಬ್ಬಿಯ ಮೇಲೆ ಬರೆದಿಡಿ. ಮಕ್ಕಳಿಗೆ, ಗರ್ಭಿಣಿಯರಿಗೆ, ಮದ್ಯ ಮುಟ್ಟದವರಿಗೆ ಗೊತ್ತಿಲ್ಲದೆ ಹೋಗಬಾರದು. ಅವರಿಗಾಗಿ ರಮ್ ಜಾಗದಲ್ಲಿ ಅಷ್ಟೇ ಅಳತೆಯ ಆರಿದ ಸ್ಟ್ರಾಂಗ್ ಕಾಫಿ ಹಾಕಿ, ಬೇರೆ ಬಟ್ಟಲಲ್ಲಿ ಕಲಸಿ, ಬೇರೆ ಬಗೆಯ ಹೊದಿಕೆಯಲ್ಲಿ ಹೊರಳಿಸಿ. ರಮ್ ಎಸೆನ್ಸ್ ಸೇರಿಸುವ ಮುನ್ನ ಬಾಟಲಿ ಮೇಲಿನ ವಿವರ ಓದಿ, ಎಷ್ಟೋ ಎಸೆನ್ಸ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ.

ಫ್ರೀಜರ್‌ಗೆ ಹಾಕುವುದಾದರೆ ಕೋಕೋದಲ್ಲಿ ಹೊರಳಿಸದೆ ಬರಿಯ ಉಂಡೆಗಳನ್ನೇ ಹಾಕಿ. ತೆಗೆದ ಮೇಲೆ ಡಬ್ಬಿಯ ಮುಚ್ಚಳ ತೆರೆಯದೆ ರಾತ್ರಿಯಿಡೀ ಫ್ರಿಜ್‌ನಲ್ಲಿ ಬಿಡಿ. ಬೇಗ ತೆರೆದರೆ ಗಾಳಿಯ ತೇವ ಉಂಡೆಗಳ ಮೇಲೆ ಹನಿಗಟ್ಟುತ್ತದೆ. ಕೋಕೋ ಹೊರಳಿಸುವುದು ಬೆಳಿಗ್ಗೆ.