ಬಾಯಲ್ಲಿ ಮೂರು ಬೆರಳು ಹಿಡಿಯುತ್ತಾ, ನೋಡಿಕೊಳ್ಳಿ

ದಾದರ್ ಸ್ಟೇಷನ್ ಹೊರಗೆ ಒಂದು ಸಂಜೆ ವಡಾಪಾವ್ ಕೊಂಡೆ. ಬಾಯೊಳಗೆ ಹೋಗಲಿಲ್ಲ. ಒತ್ತಿ ಚಪ್ಪಟೆ ಮಾಡಿದೆ, ಓರೆ ಹಿಡಿದೆ, ಕೊನೆಗೆ ಮುರಿದು ತಿಂದೆ. ಪಾವ್ ದೊಡ್ಡದು ಮಾಡಿದ್ದಾರೆ ಅಂದುಕೊಂಡೆ! ಅದಕ್ಕೂ ಮೊದಲೇ ಮನೆಯಲ್ಲಿ ಸಾರಿಗೆ ಖಾರ ಜಾಸ್ತಿ ಎಂದು ರೇಗಾಡುತ್ತಿದ್ದೆ. ಹೆಂಡತಿ ಹಾಕುತ್ತಿದ್ದ ಮೆಣಸು ಮೊದಲಿನಷ್ಟೇ. ಉರಿ ನನ್ನ ಕೆನ್ನೆಯಲ್ಲಿತ್ತು.

ನಾನು ಶಿರಸಿ ಕಡೆಯವನು, ಡೊಂಬಿವಿಲಿಗೆ ಬಂದು 22 ವರ್ಷ. ನನ್ನ ಕಾಲೇಜ್ ಫೀಸ್ ಕಟ್ಟಿದ್ದೇ ಅಡಿಕೆ. ಊರಲ್ಲಿ ಊಟದ ಮೇಲೆ ಒಂದು ಕವಳ, ಅಂದರೆ ಎಲೆ-ಅಡಿಕೆ, ಹಾಕುತ್ತಿದ್ದವನು ಇಲ್ಲಿ ಲೋಕಲ್ ಹತ್ತುವಾಗ ಒಂದು, ಇಳಿದಾಗ ಒಂದು ಶುರು ಮಾಡಿದೆ. ಹೊಗೆಸೊಪ್ಪು ಮಾತ್ರ ಮುಟ್ಟಲಿಲ್ಲ. ಅದೇ ಧೈರ್ಯ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಬರೀ ಅಡಿಕೆಯನ್ನೂ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು, ಅಷ್ಟೇ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಕೆನ್ನೆಯ ಒಳಪದರದ ಕೆಳಗೆ ನಾರು ಬೆಳೆಸುತ್ತದೆ. ಮೆತ್ತಗಿದ್ದ ಕೆನ್ನೆ ಬಿಗಿಯುತ್ತದೆ, ಬಾಯಿ ತೆರೆಯುವುದು ಕಮ್ಮಿಯಾಗುತ್ತದೆ. ಡಾಕ್ಟರ್‌ಗಳು ಸಬ್‌ಮ್ಯೂಕಸ್ ಫೈಬ್ರೋಸಿಸ್ ಅನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಆದರೆ ಮುಂದೆ ಕ್ಯಾನ್ಸರ್ ಆಗಬಹುದು.

ಈಗಲೇ ನೋಡಿಕೊಳ್ಳಿ. ತೋರುಬೆರಳು, ನಡುಬೆರಳು, ಉಂಗುರ ಬೆರಳು ಜೋಡಿಸಿ. ಕೈ ತಿರುಗಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಮೂರೂ ಆರಾಮವಾಗಿ ಹಿಡಿಯಬೇಕು. ನನಗೆ ಎರಡೇ ಹಿಡಿದವು. ಆಮೇಲೆ ಹಲ್ಲಿನ ಡಾಕ್ಟರ್ ಸ್ಕೇಲ್ ಇಟ್ಟು 28 ಮಿಲಿಮೀಟರ್ ಎಂದು ಬರೆದರು. ಸಾಮಾನ್ಯವಾಗಿ ದೊಡ್ಡವರಿಗೆ 35ಕ್ಕಿಂತ ಜಾಸ್ತಿ ಇರುತ್ತದೆ.

ಇನ್ನು ಕನ್ನಡಿ ಮತ್ತು ಮೊಬೈಲ್ ಟಾರ್ಚ್. ಕವಳ ಯಾವ ಕಡೆ ಒತ್ತರಿಸಿಡುತ್ತೀರೋ ಅಲ್ಲಿಂದಲೇ ಶುರು ಮಾಡಿ. ತೊಳೆದ ಬೆರಳಿನಿಂದ ಕೆನ್ನೆಯ ಒಳಗೆ ಸವರಿ. ಹಗ್ಗದಂಥ ಗಟ್ಟಿ ಪಟ್ಟಿ ಸಿಗುತ್ತಾ? ನಾಲಿಗೆ ಎತ್ತಿ ಅಡಿ ನೋಡಿ, ಎರಡೂ ಅಂಚು ನೋಡಿ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಗಂಟು, ಸುಮ್ನೆ ಅಲುಗಾಡುವ ಹಲ್ಲು, ಕುತ್ತಿಗೆಯಲ್ಲಿ ಉಬ್ಬು ಕಂಡರೆ ತಡ ಮಾಡಬೇಡಿ. ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೂ ಅಷ್ಟೇ. ನೋವಿಲ್ಲ ಎಂದು ಬಿಡಬೇಡಿ, ಶುರುವಿನಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ.

ನಾನು ಮೊದಲು ಹೋದ ಕ್ಲಿನಿಕ್‌ನಲ್ಲಿ ಬಾಯಿ ನೋಡದೆ ಬಿ-ಕಾಂಪ್ಲೆಕ್ಸ್ ಕೊಟ್ಟರು. ನಾನೂ ಕವಳದ ವಿಷಯ ಬಾಯಿಬಿಟ್ಟಿರಲಿಲ್ಲ. ನಾಲ್ಕು ತಿಂಗಳು ಹೋಯಿತು. ನೀವು ಕೂತ ಕೂಡಲೇ ಹೇಳಿ: ದಿನಕ್ಕೆ ಎಷ್ಟು, ಎಷ್ಟು ವರ್ಷ, ಯಾವ ಕೆನ್ನೆ. ಮುಂಬೈಯಲ್ಲಿ ಸಿಎಸ್‌ಎಂಟಿ ಸ್ಟೇಷನ್ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜು ಇದೆ, ಮುಂಬೈ ಸೆಂಟ್ರಲ್ ಕಡೆ ನಾಯರ್ ಡೆಂಟಲ್ ಇದೆ. ಅನುಮಾನ ಇದ್ದರೆ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆ ಎಂದ ಕೂಡಲೇ ಎದೆ ಒಡೆದುಕೊಳ್ಳಬೇಡಿ, ಬೇಗ ಹೋದಷ್ಟೂ ಒಳ್ಳೆಯದು.

ಬಿಡುವುದು ಹೇಗೆ? ನಾನು ಕವಳದ ಸಂಚಿಯನ್ನು ಊರಿಗೆ ಹೋದಾಗ ಅಲ್ಲೇ ಬಿಟ್ಟು ಬಂದೆ. ಮೊದಲ ವಾರ ತಲೆನೋವು, ಸಿಟ್ಟು. ಜೇಬಲ್ಲಿ ಹುರಿದ ಸೋಂಪು ಇಟ್ಟುಕೊಂಡೆ. ಮೀಠಾ ಸುಪಾರಿಯೂ ಅಡಿಕೆಯೇ ಅಲ್ವಾ? ಪಾನ್ ಮಸಾಲಾನೂ ಅಷ್ಟೇ. ಊಟದ ಮೇಲೆ ಕೊಡುವ ಮುಖವಾಸದ ತಟ್ಟೆಯಿಂದ ಸೋಂಪು ಮಾತ್ರ ಆರಿಸಿ. ಹೊಗೆಸೊಪ್ಪೂ ಇದ್ದವರು ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ.

ಬೆಳೆದ ನಾರು ತಾನಾಗಿ ಕರಗುವುದಿಲ್ಲ. ಬಿಟ್ಟರೆ ಅಪಾಯ ತಗ್ಗುತ್ತದೆ. ನನಗೆ ಡಾಕ್ಟರ್ ಐಸ್‌ಕ್ರೀಮ್ ಕಡ್ಡಿ ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಹಿಡಿಯುವ ವ್ಯಾಯಾಮ ಹೇಳಿಕೊಟ್ಟರು. ಕಡ್ಡಿಯ ಲೆಕ್ಕ ಅವರು ಹೇಳಿದಷ್ಟೇ ಇರಲಿ. ನಾನು ಆತುರಪಟ್ಟು ಒಂದೇ ದಿನ ಎರಡು ಏರಿಸಿ ತುಟಿಯ ಮೂಲೆ ಸೀಳಿಕೊಂಡೆ. ಮೂರು ದಿನ ಗಂಜಿ.