ಅಣುವಿನ ಚಿತ್ರ ನೋಡಿ, ಅದು ಪೊರೆ ದಾಟುತ್ತದಾ ಅಂತ ಹೇಳುವುದು ಹೇಗೆ

ಅಣು ಪೋಲಾರ್ (ಒಂದು ಕಡೆ ಸ್ವಲ್ಪ ಧನ, ಇನ್ನೊಂದು ಕಡೆ ಸ್ವಲ್ಪ ಋಣ ಚಾರ್ಜ್ ಇರುವಂಥದ್ದು) ಆದರೆ ಜೀವಕೋಶದ ಪೊರೆ ದಾಟುವುದಿಲ್ಲ, ನಾನ್‌ಪೋಲಾರ್ (ಹಾಗಿಲ್ಲದ್ದು) ಆದರೆ ದಾಟುತ್ತದೆ. ಇಷ್ಟನ್ನೇ ಬಾಯಿಪಾಠ ಮಾಡಿಕೊಂಡರೆ ನೀರಿನ ಹತ್ತಿರವೇ ಎಡವುತ್ತೀರಿ. ನೀರು ಪೋಲಾರ್ ಅಲ್ವಾ? ಆದರೂ ಸ್ವಲ್ಪ ಮಟ್ಟಿಗೆ ತಾನಾಗಿಯೇ ಒಳಗೆ ಹೋಗುತ್ತದೆ. ಅದಕ್ಕೇ ಯಾವ ಅಣು ಎದುರಿಗೆ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ನೀರನ್ನು ಬಿಟ್ಟು ಹೊರಡಲು ಇದು ನೀರಿನ ಜೊತೆಗಿನ ಎಷ್ಟು ಹೈಡ್ರೋಜನ್ ಬಂಧ (ಅಣುಗಳ ನಡುವಿನ ಒಂದು ದುರ್ಬಲ ಎಳೆತ) ಕಡಿದುಕೊಳ್ಳಬೇಕು?

ಯಾಕೆಂದರೆ ಪೊರೆಯ ನಡುಭಾಗ, ಅಂದರೆ ಫಾಸ್ಫೋಲಿಪಿಡ್‌ಗಳ (ಪೊರೆಯನ್ನು ಕಟ್ಟುವ ಕೊಬ್ಬಿನಂಥ ಅಣುಗಳ) ಬಾಲಗಳು ಒತ್ತಿಕೊಂಡಿರುವ ಸುಮಾರು 3 ನ್ಯಾನೋಮೀಟರ್ ದಪ್ಪದ ಜಾಗ, ಪೂರ್ತಿ ಎಣ್ಣೆಯ ಥರ. ಹೈಡ್ರೋಜನ್ ಬಂಧಕ್ಕೆ ಅಲ್ಲಿ ಜೊತೆಯೇ ಸಿಗುವುದಿಲ್ಲ.

ಮೊದಲು ಚಾರ್ಜ್ ನೋಡಿ. ಸೋಡಿಯಂ ಅಯಾನ್ ಎಷ್ಟೇ ಚಿಕ್ಕದಿರಲಿ, ಪ್ರೋಟೀನ್ ದಾರಿ ಮಾಡಿಕೊಡದಿದ್ದರೆ ದಾಟುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಚಾರ್ಜ್ ಇಲ್ಲದಿದ್ದರೆ ಪೆನ್ಸಿಲ್ ಹಿಡಿದು ಒ-ಎಚ್ (ಆಮ್ಲಜನಕ-ಹೈಡ್ರೋಜನ್), ಎನ್-ಎಚ್ (ಸಾರಜನಕ-ಹೈಡ್ರೋಜನ್) ಗುಂಪುಗಳಿಗೆಲ್ಲ ಸುತ್ತು ಹಾಕಿ, ಎಣಿಸಿ. ಗ್ಲೂಕೋಸ್‌ನಲ್ಲಿ ಐದು ಸುತ್ತು ಬರುತ್ತವೆ. ಒಂದೊಂದೂ ನೀರನ್ನು ಹಿಡಿದುಕೊಂಡಿರುತ್ತದೆ, ಹಾಗಾಗಿ ಅದನ್ನು ಸಾಗಿಸಲು ಪ್ರೋಟೀನ್ ಬೇಕೇ ಬೇಕು. ಟೆಸ್ಟೋಸ್ಟೆರಾನ್ ಗ್ಲೂಕೋಸ್‌ಗಿಂತ ದೊಡ್ಡ ಅಣು, ಆದರೆ ಅದರಲ್ಲಿ ಸುತ್ತು ಒಂದೇ. ಸಲೀಸಾಗಿ ಒಳಗೆ ಜಾರುತ್ತದೆ. ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಬರೆದು ನೋಡಿ, ವಿಷಯ ಅರ್ಧ ತಿಳಿದ ಹಾಗೆ.

ಆಕಾರವನ್ನೂ ಮರೆಯಬೇಡಿ. ಕಾರ್ಬನ್ ಡೈಆಕ್ಸೈಡ್‌ನ ಎರಡೂ ಬಂಧಗಳು ಪೋಲಾರ್, ಆದರೆ ನೇರ ಎದುರುಬದುರಾಗಿ ಎಳೆಯುವುದರಿಂದ ಒಂದನ್ನೊಂದು ರದ್ದು ಮಾಡುತ್ತವೆ, ಹಾಗಾಗಿ ಇಡೀ ಅಣು ನಾನ್‌ಪೋಲಾರ್, ಸುಲಭವಾಗಿ ದಾಟುತ್ತದೆ.

ಜಾಸ್ತಿ ಜನ ತಪ್ಪುವುದು ಪಿಎಚ್ (ದ್ರವ ಎಷ್ಟು ಆಮ್ಲೀಯ ಅನ್ನುವ ಅಳತೆ) ವಿಷಯದಲ್ಲಿ. ಆಸ್ಪಿರಿನ್‌ನ ಪಿಕೆಎ, ಅಂದರೆ ಅದರ ಅರ್ಧದಷ್ಟು ಅಣುಗಳಿಗೆ ಚಾರ್ಜ್ ಬರುವ ಪಿಎಚ್, ಸುಮಾರು 3.5. ಹೊಟ್ಟೆಯ ಆಮ್ಲದಲ್ಲಿ ಅದರ ಹೆಚ್ಚಿನ ಅಣುಗಳಿಗೆ ಚಾರ್ಜ್ ಇರುವುದಿಲ್ಲ, 7.4 ಪಿಎಚ್ ಇರುವ ರಕ್ತದಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಇರುತ್ತದೆ. ಅಣು ಅದೇ, ಪೊರೆ ಅದೇ, ಉತ್ತರ ಮಾತ್ರ ಬೇರೆ. ಹಾಗಾಗಿ ಪಿಎಚ್ ಕೇಳದೆ ಉತ್ತರ ಬರೆಯಲೇಬೇಡಿ.

ಅಂಕಿಯಲ್ಲಿ ಬೇಕಿದ್ದರೆ ಲಾಗ್ ಪಿ ನೋಡಿ, ಅಂದರೆ ವಸ್ತು ನೀರಿಗಿಂತ ಆಕ್ಟನಾಲ್ (ಎಣ್ಣೆಯಂಥ ಒಂದು ದ್ರವ) ಕಡೆಗೆ ಎಷ್ಟು ಒಲಿಯುತ್ತದೆ ಅನ್ನುವ ಅಳತೆ. ಅದು 2 ಅಂದರೆ ಆ ವಸ್ತು ನೀರಿಗಿಂತ ಆಕ್ಟನಾಲ್‌ನಲ್ಲಿ 100 ಪಟ್ಟು ಸಾಂದ್ರವಾಗಿ ನಿಲ್ಲುತ್ತದೆ ಅಂತ. ಹಾಗಂತ ಸುಮ್ನೆ ಏರಿಸುತ್ತಾ ಹೋದರೆ ಪ್ರಯೋಜನವಿಲ್ಲ. 5 ದಾಟಿದ ಮೇಲೆ ಅಣು ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ, ಪೊರೆಯೊಳಗೆ ಹೊಕ್ಕರೂ ಅಲ್ಲೇ ಉಳಿದುಬಿಡಬಹುದು.

ಎಣಿಕೆಗೆ ಒಗ್ಗದ ಅಣುಗಳೂ ಇವೆ. ಸೈಕ್ಲೋಸ್ಪೊರಿನ್ ಎಂಬ ಔಷಧಿ 11 ಅಮೈನೋ ಆಮ್ಲಗಳ ಉಂಗುರ, ತೂಕ ಸುಮಾರು 1200 ಡಾಲ್ಟನ್ (ಒಂದು ಹೈಡ್ರೋಜನ್ ಪರಮಾಣು ಸುಮಾರು 1 ಡಾಲ್ಟನ್). ಇಷ್ಟು ದೊಡ್ಡದು ದಾಟಲಾರದು ಅನಿಸುತ್ತದೆ. ಆದರೆ ಎಣ್ಣೆಯಂಥ ಜಾಗಕ್ಕೆ ಬಂದಾಗ ಅದು ತನ್ನ ಎನ್-ಎಚ್‌ಗಳನ್ನು ಒಳಕ್ಕೆ ತಿರುಗಿಸಿ, ತನ್ನೊಳಗೇ ಬಂಧ ಕಟ್ಟಿಕೊಂಡು ದಾಟುತ್ತದೆ.