ಚೊಚ್ಚಲ ಬಸುರಿಯರಿಗೆ ಹೆರಿಗೆ ಕೋಣೆಯನ್ನು ಮೊದಲೇ ತೋರಿಸುವುದು: ನನ್ನ ಅನುಭವ

ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಿಭಾಗದಲ್ಲಿ ನಾನು ಶುಶ್ರೂಷಕಿ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಆರಂಭವಾದಂದಿನಿಂದ ಪ್ರತಿ ತಿಂಗಳ 9ರಂದು ಗರ್ಭಿಣಿಯರು ವೈದ್ಯರ ತಪಾಸಣೆಗೆ ಬರುತ್ತಾರೆ. ತಾಯಿ ಕಾರ್ಡ್ ಹಿಡಿದು ಅವರು ಸರದಿಗಾಗಿ ಕಾಯುವ ಹೊತ್ತನ್ನೇ ಚೊಚ್ಚಲಿನವರೊಡನೆ ಮಾತನಾಡಲು ಬಳಸಿಕೊಳ್ಳುತ್ತೇನೆ.

ಉಪದೇಶದಿಂದ ಆರಂಭಿಸುವುದಿಲ್ಲ. “ಹೆರಿಗೆ ಬಗ್ಗೆ ಯಾರು ಏನೇನು ಹೇಳಿದ್ದಾರಮ್ಮ?” ಎಂದು ಕೇಳುತ್ತೇನೆ. ಅತ್ತೆ ಪಕ್ಕದಲ್ಲಿದ್ದರೆ ಉತ್ತರ ಹೊರಡದಾದ್ದರಿಂದ, ಅವರನ್ನು ಮಾತ್ರೆ ತರಲು ಕಳುಹಿಸಿದ ಮೇಲೆಯೇ ಈ ಪ್ರಶ್ನೆ. ಕಿರುಚಿದರೆ ಬೈಯುತ್ತಾರಂತೆ, ಒಳಗೆ ಒಬ್ಬಳನ್ನೇ ಬಿಡುತ್ತಾರಂತೆ, ಎಲ್ಲರಿಗೂ ಕೊಯ್ದು ಹೊಲಿಗೆ ಹಾಕುತ್ತಾರಂತೆ ಎಂಬ ಮಾತುಗಳು ಒಂದೊಂದಾಗಿ ಬರುತ್ತವೆ. ಇವುಗಳಲ್ಲಿ ನೋವಿನ ಹೆದರಿಕೆಗಿಂತ ಒಂಟಿತನದ, ಅವಮಾನದ ಹೆದರಿಕೆಯೇ ಹೆಚ್ಚು. “ಏನೂ ಆಗುವುದಿಲ್ಲ ಸುಮ್ಮನಿರು” ಎಂದುಬಿಟ್ಟರೆ ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆಯೇ ಹೊರತು ಭಯ ಹೋಗುವುದಿಲ್ಲ.

ಏಳು ತಿಂಗಳು ತುಂಬಿದವರನ್ನು, ಹೆರಿಗೆ ಕೋಣೆ ಖಾಲಿಯಿದ್ದಾಗ, ಒಳಗೆ ಕರೆದೊಯ್ದು ಹೆರಿಗೆ ಮೇಜನ್ನೂ ಮಗುವನ್ನು ಬೆಚ್ಚಗಿಡುವ ವಾರ್ಮರನ್ನೂ ತೋರಿಸುತ್ತೇನೆ. ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಕೇಳಿಸುವಾಗ, ನಿಮಿಷಕ್ಕೆ 110ರಿಂದ 160 ಸಹಜವೆಂದು ಮೊದಲೇ ಹೇಳದಿದ್ದರೆ ಆ ವೇಗಕ್ಕೇ ಗಾಬರಿಯಾಗುವವರಿದ್ದಾರೆ. ಹೆರಿಗೆಯ ದಾರಿಯನ್ನು ತುಸು ಕೊಯ್ಯುವುದು ಎಲ್ಲರಿಗೂ ಅಲ್ಲ, ಅಗತ್ಯ ಬಿದ್ದಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ನಂತರ ಮಾತ್ರ ಎಂಬುದನ್ನು ಅಲ್ಲಿಯೇ ನಿಂತು ವಿವರಿಸುತ್ತೇನೆ.

ಹೆಚ್ಚು ಸಮಯ ಹೋಗುವುದು ನೋವಿನ ಲೆಕ್ಕಾಚಾರಕ್ಕೆ. ಹೆರಿಗೆ ನೋವು ಒಂದೇ ಸಮನೆ ಇರುವುದಿಲ್ಲ. ಏರಿ, ಸುಮಾರು ಒಂದು ನಿಮಿಷದೊಳಗೆ ಇಳಿದು, ನಡುವೆ ಬಿಡುವು ಕೊಡುತ್ತದೆ. ಗೋಡೆಯ ಗಡಿಯಾರ ನೋಡುತ್ತ ಆ ಒಂದು ನಿಮಿಷ ಉಸಿರನ್ನು ನಿಧಾನವಾಗಿ ಬಿಡುವುದನ್ನು ಅವರಿಂದ ಮಾಡಿಸಿದಾಗ, “ಇಷ್ಟೇನಾ ಸಿಸ್ಟರ್?” ಎನ್ನುತ್ತಾರೆ. ಇಷ್ಟೇ ಅಲ್ಲ, ಇದು ಮತ್ತೆ ಮತ್ತೆ ಬರುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯಂತೆ ಗರ್ಭದ ಬಾಯಿ 5 ಸೆಂಟಿಮೀಟರ್ ತೆರೆದಲ್ಲಿಂದ ಪೂರ್ತಿ ತೆರೆಯುವವರೆಗಿನ ಹಂತ ಚೊಚ್ಚಲಿನಲ್ಲಿ ಸಾಮಾನ್ಯವಾಗಿ 12 ಗಂಟೆ ಮೀರುವುದಿಲ್ಲ. ಅದಕ್ಕೆ ಮುಂಚಿನ ಹಂತಕ್ಕೆ ಇಷ್ಟೇ ಹೊತ್ತೆಂಬ ನಿಯಮವಿಲ್ಲ. ಇದು ಗೊತ್ತಿಲ್ಲದ ಮನೆಯವರೇ “ಬೆಳಗಿನಿಂದ ನೋವು ತಿನ್ನುತ್ತಿದ್ದಾಳೆ, ಆಪರೇಷನ್ ಮಾಡಿಬಿಡಿ” ಎಂದು ಒತ್ತಾಯಿಸುವುದು. ಹಾಗೆಂದು ಸಿಸೇರಿಯನ್ ಆದರೆ ಸೋತಂತೆ ಎಂಬ ಭಾವನೆಯನ್ನೂ ನಾನು ಬೆಳೆಸುವುದಿಲ್ಲ. ಮಗುವಿನ ಎದೆಬಡಿತ ಕುಸಿದಾಗ ಹಲವೊಮ್ಮೆ ಅದೇ ಸರಿಯಾದ ದಾರಿ.

ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಚಲನೆ ಕಡಿಮೆಯಾದರೆ ನೋವಿಗೆ ಕಾಯದೆ ಬರಬೇಕೆಂದು ಪ್ರತಿಯೊಬ್ಬಳಿಂದಲೂ ಹೇಳಿಸುತ್ತೇನೆ. ಇಷ್ಟೆಲ್ಲ ಆದ ಮೇಲೂ ವಾರಗಟ್ಟಲೆ ನಿದ್ದೆಯಿಲ್ಲದೆ ನರಳುವವಳನ್ನು ಮಾತಿನಲ್ಲೇ ಸಮಾಧಾನಪಡಿಸಲು ಹೋಗದೆ ವೈದ್ಯರ ಬಳಿಗೆ ಕರೆದೊಯ್ಯುತ್ತೇನೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಯನ್ನೂ ಬರೆದುಕೊಡುತ್ತೇನೆ.

ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಅವಕಾಶ ಕೊಟ್ಟಿದೆ. ಯಾರು ಬರಬೇಕೆಂಬುದನ್ನು ಬಸುರಿಯೇ ಹೇಳಲಿ ಎಂಬುದು ನನ್ನ ಹಟ. ಹಾಗೆ ಬರುವವರಿಗೆ ಬೆನ್ನು ನೀವುವುದನ್ನೂ ನಡುನಡುವೆ ನೀರು ಕುಡಿಸುವುದನ್ನೂ ಕಲಿಸಿ, ತಮ್ಮ ಸ್ವಂತ ಹೆರಿಗೆಯ ಕಥೆಯನ್ನು ಮಗು ಹುಟ್ಟಿದ ಮೇಲಷ್ಟೇ ಹೇಳಬೇಕೆಂಬ ಷರತ್ತನ್ನೂ ಹಾಕಿರುತ್ತೇನೆ.